ಬಾಯಲ್ಲಿ ಬಂದ ಬೇಲಿ

ಬಹಳ ಬಹಳ ಹಿಂದೆ, ದಾರಿಗಳಿಗೆ ಇನ್ನೂ ಹೆಸರು ಬಿದ್ದಿರದ ಕಾಲದಲ್ಲಿ, ಕೆಂದೂಳಿ ಎಂಬೊಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಕಲ್ಲಿನ ಕೋಟೆ ಇರಲಿಲ್ಲ. ಕೋಟೆಯ ಬದಲು ಸುತ್ತಲೂ ಕವಳೆ ಗಿಡದ ಬೇಲಿ ಇತ್ತು. ಆಳೆತ್ತರದ ಬೇಲಿ. ಜೋಡಿ ಜೋಡಿ ಮುಳ್ಳು, ತೊಗಲಿನಂಥ ದಪ್ಪ ಎಲೆ, ಕಡ್ಡಿ ಮುರಿದರೆ ಬಿಳಿ ಹಾಲು, ಮುಂಗಾರು ಹತ್ತಿರ ಬಂದಾಗ ಕರ್ರಗೆ ಹೊಳೆಯುವ ಹುಳಿಸಿಹಿ ಹಣ್ಣು. ಉಳಿದ ಮರಗಳೆಲ್ಲ ಚಳಿಗಾಲ ಕಳೆಯುವಷ್ಟರಲ್ಲಿ ಎಲೆ ಉದುರಿಸಿ ಬತ್ತಲೆ ನಿಂತರೂ ಕವಳೆ ಮಾತ್ರ ಒಂದು ದಿನವೂ ಹಸಿರು ಬಿಡುತ್ತಿರಲಿಲ್ಲ.

ಬೇಲಿಯ ಆಚೆ ಮಾತುಗುಳಿ ಎಂಬ ಮಾಂತ್ರಿಕನಿದ್ದ. ಲಂಚಗುಳಿಗಳು ಲಂಚ ತಿನ್ನುವ ಹಾಗೆ ಇವನು ಜನರ ದನಿ ತಿನ್ನುತ್ತಿದ್ದ. ಅವನು ಕರೆದಾಗ ಯಾರು ಓಗೊಡುತ್ತಾರೋ ಅವರ ದನಿ ಗಂಟಲಿನಿಂದ ಕಳಚಿಕೊಂಡು ಅವನ ಸೋರೆಬುರುಡೆಯೊಳಗೆ ಹೋಗಿ ಬೀಳುತ್ತಿತ್ತು. ಆದರೆ ಎಲೆ ಉದುರದ ಬೇಲಿಯನ್ನು ಅವನೂ ದಾಟಲಾರ, ಅವನ ಕೂಗೂ ದಾಟಲಾರದು. ಹಾಗಾಗಿ ಕೆಂದೂಳಿಯ ಜನ ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಮಾತಾಡಿಕೊಂಡು ಇದ್ದರು.

ಆಗ ಆಳುತ್ತಿದ್ದವನು ಬಿರುದಂಕರಾಯ. ಅವನಿಗೆ ಇಪ್ಪತ್ತೊಂದು ಬಿರುದುಗಳಿದ್ದವು. ಒಂದು ಸಲ ದೂರದೇಶದ ಅರಸನೊಬ್ಬ ನೆಂಟನಾಗಿ ಬಂದವನು ಬೇಲಿ ನೋಡಿ ನಕ್ಕ. "ಏನಯ್ಯಾ, ಇಷ್ಟೆಲ್ಲ ಬಿರುದು ಇಟ್ಟುಕೊಂಡು ಆಡಿನ ದೊಡ್ಡಿಯೊಳಗೆ ಕೂತಿದ್ದೀಯಲ್ಲ!" ಎಂದ. ಅಷ್ಟೇ. ಅರಸರೇ ಹಾಗೆ, ಯಾವ ದೇಶಕ್ಕೆ ಹೋಗಿ ನೋಡಿದರೂ ಶತ್ರುವಿನ ಕತ್ತಿಯನ್ನು ತಡೆದುಕೊಳ್ಳುತ್ತಾರೆ, ನೆಂಟನ ನಗೆಯನ್ನು ತಡೆದುಕೊಳ್ಳಲಾರರು. ಬಿರುದಂಕರಾಯ ಮರುದಿನವೇ ಬೇಲಿಯನ್ನು ಬುಡಸಮೇತ ಕೀಳಿಸಿ ಸುಡಿಸಿದ. ಅದರ ಜಾಗದಲ್ಲಿ ಸುಣ್ಣ ಬಳಿದ ಬೆಳ್ಳನೆಯ ಗೋಡೆ ಎದ್ದಿತು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

ಮಾತುಗುಳಿಗೂ ಚೆನ್ನಾಗಿ ಕಂಡಿತು. ಅವನು ಗೋಡೆ ಹತ್ತಿ ಒಳಗಿಳಿದು, ರಾಜ್ಯದ ನಡುವಿನ ಬೋಳುಗುಡ್ಡದ ಮೇಲೆ ಬಿಡಾರ ಹೂಡಿದ.

ಬೋಳುಗುಡ್ಡದ ಕೆಳಗಿನ ಊರಿನಲ್ಲಿ ಸಾತವ್ವ ಎಂಬ ಹೆಂಗಸಿದ್ದಳು. ಊರೆಲ್ಲ ಅವಳನ್ನು ಮಾತಿನ ಸಾತಿ ಎಂದೇ ಕರೆಯುತ್ತಿತ್ತು. ಅವಳು ನಿದ್ದೆಯಲ್ಲೂ ಮಾತಾಡುತ್ತಾಳೆ, ಊಟದಲ್ಲೂ ಮಾತಾಡುತ್ತಾಳೆ, ಎದುರಿಗೆ ಯಾರೂ ಇಲ್ಲದಿದ್ದರೆ ಒಲೆಯ ಜೊತೆಗಾದರೂ ಮಾತಾಡುತ್ತಾಳೆ. ಮಾತುಗುಳಿ ಅವಳ ಗಂಡನನ್ನು ಮೂರು ಸಲ ಹೆಸರು ಹಿಡಿದು ಕರೆದಿದ್ದ. ಆ ಮನೆಯಲ್ಲಿ ಉತ್ತರ ಕೊಡುವ ಅಭ್ಯಾಸವೇ ತಪ್ಪಿಹೋಗಿದ್ದ ಗಂಡ ಸುಮ್ಮನೆ ಹಗ್ಗ ಹೊಸೆಯುತ್ತ ಕೂತಿದ್ದರಿಂದ ಅವನ ದನಿ ಉಳಿಯಿತು.

ಸಾತಿಗೆ ಸರಿಸಮ ನಿಲ್ಲುವವಳು ಊರಲ್ಲಿ ಒಬ್ಬಳೇ. ಅವಳ ನಾದಿನಿ ದುಂಡವ್ವ. ಇಬ್ಬರಿಗೂ ಏಳು ವರ್ಷದಿಂದ ಒಂದೇ ಜಗಳ. ದುಂಡವ್ವನ ಮದುವೆಗೆ ಅವಳ ಅವ್ವ ಹೂಬಳ್ಳಿ ಕೊರೆಸಿದ ಮಣ್ಣಿನ ಕೊಡ ಕೊಟ್ಟಿದ್ದಳು. ಅದು ಬಾವಿಕಟ್ಟೆಯ ಮೇಲೆ ಒಡೆದು ಬಿದ್ದಿತ್ತು. ಒಡೆದವರು ಯಾರು?

"ನೀನೇ ಅತ್ತಿಗೆ. ನಿನ್ನ ಮೊಳಕೈ ತಾಗಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ."

"ಕಣ್ಣಾರೆ ಕಾಣೋಕೆ ನಿನ್ನ ಕಣ್ಣು ನೆಟ್ಟಗಿದ್ದರೆ ತಾನೇ? ಬೆಕ್ಕು ಹಾರಿತು ಅಂತ ಎಷ್ಟು ಸಲ ಹೇಳಲಿ?"

"ಯಾವ ಬೆಕ್ಕು? ಅದಕ್ಕೆ ಬಳೆ ಇತ್ತಾ? ಬಳೆ ಸದ್ದು ಕೇಳಿಸಿತಲ್ಲ ನಂಗೆ!"

ಹೀಗೆ ದಿನಾ ಬೆಳಿಗ್ಗೆ ನೀರು ಸೇದುವಷ್ಟು ಹೊತ್ತು ನಡೆಯುತ್ತಿತ್ತು. ಕೊನೆಯ ಮಾತು ಯಾವತ್ತೂ ದುಂಡವ್ವನದೇ. ಒಂದು ದಿನ ಜಗಳ ಏರುತ್ತಿದ್ದಾಗ ಗುಡ್ಡದ ಕಡೆಯಿಂದ ಪಕ್ಕದ ಮನೆಯವಳ ದನಿ ಕೇಳಿತು. "ದುಂಡವ್ವಾ, ನಿನ್ನ ಹಸು ಬಿಚ್ಕೊಂಡಿದೆ!" ಪಕ್ಕದ ಮನೆಯವಳು ಹಿಂದಿನ ದಿನವೇ ದನಿ ಕಳೆದುಕೊಂಡಿದ್ದಾಳೆ, ಆ ದನಿಯಲ್ಲಿ ಕರೆದವನು ಮಾತುಗುಳಿ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ದುಂಡವ್ವ "ಓ, ಬಂದೆ!" ಎಂದಳು. ಆಮೇಲೆ ಅವಳ ತುಟಿ ಅಲುಗಿತು, ಸದ್ದು ಬರಲಿಲ್ಲ.

"ಬೆಕ್ಕೇ ಒಡೆದದ್ದು," ಎಂದಳು ಸಾತಿ, ಉತ್ತರಕ್ಕೆ ಕಾಯುತ್ತ. ಉತ್ತರ ಬರಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ಕೊನೆಯ ಮಾತು ಸಾತಿಯದಾಯಿತು. ಅದು ಅವಳಿಗೆ ಬೇಕಿರಲಿಲ್ಲ. ದುಂಡವ್ವ ಕೊಡ ಎತ್ತಿಕೊಂಡು ತಲೆ ತಗ್ಗಿಸಿ ನಡೆದುಹೋದಳು.

ಸಾತಿ ನೆಟ್ಟಗೆ ಅರಮನೆಗೆ ಹೋದಳು. ಅಲ್ಲಿ ಬಿತ್ತನೆ ಭಂಡಾರಿ ತಿರುಮಲಯ್ಯ ಅರಸನಿಗೆ ವರದಿ ಒಪ್ಪಿಸುತ್ತಿದ್ದ.

"ಪ್ರಭು, ಹಳೆಯ ಬೇಲಿಯ ಬೀಜ ನೂರು ಗಡಿಗೆ ಕಾದಿಟ್ಟಿದ್ದೆ. ರಾಗಿಗೆ ಮಾಡುವ ಹಾಗೇ ಮೂರು ಬಿಸಿಲು ಒಣಗಿಸಿ, ಬೂದಿ ಬೆರೆಸಿ, ಬಾಯಿಗೆ ಸೆಗಣಿ ಮೆತ್ತಿ, ಪೂಜೆ ಮಾಡಿ ಇಟ್ಟಿದ್ದೆ. ಒಳ್ಳೆಯ ಮುಹೂರ್ತ ನೋಡಿ ಬಿತ್ತಿದೆವು. ಒಂದೂ ಹುಟ್ಟಲಿಲ್ಲ. ಮೂಡಣ ಕಾಡಿನಿಂದ ಸೈನಿಕರು ಕಡ್ಡಿ ಕಡಿದು ತಂದರು. ಬರುವಷ್ಟರಲ್ಲಿ ಸೌದೆಯಾಗಿತ್ತು. ಮಣ್ಣಿಗೇ ಶಾಪ ತಗುಲಿದೆ."

"ಮಣ್ಣಿಗೆ ಯಾವ ಶಾಪಾನೂ ಇಲ್ಲ ಭಂಡಾರಿಗಳೇ," ಎಂದಳು ಸಾತಿ ಬಾಗಿಲಲ್ಲೇ ನಿಂತು. "ಬೇಲಿ ಕೀಳುವಾಗ ಆಳುಗಳು ಹಣ್ಣು ತಿಂದು ಬೀಜ ಉಗುಳಿದ್ದರು. ಆ ಬೀಜ ಅಲ್ಲೇ ಮೊಳೆತಿತ್ತು. ಆಡು ಮೇಯೋದಕ್ಕೆ ಮುಂಚೆ ನಾನೇ ನೋಡಿದ್ದೀನಿ. ಉಗುಳಿದ್ದು ಹುಟ್ಟಿತು, ನೀವು ಪೂಜೆ ಮಾಡಿದ್ದು ಸತ್ತಿತು. ಅಂದರೆ ಏನು? ಅದು ರಾಗಿ ಅಲ್ಲ. ಒಣಗಿಸಿದರೆ ಅದರ ಜೀವ ಹೋಗುತ್ತೆ."

ಭಂಡಾರಿಯ ಮುಖ ಕಪ್ಪಿಟ್ಟಿತು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಬೀಜ ಒಣಗಿಸಿಯೇ ಹೆಸರು ಗಳಿಸಿದವರು. ಅರಸ ಮಾತ್ರ ಮೆಲ್ಲಗೆ ಕೇಳಿದ, "ಹಾಗಾದರೆ ಹಸಿ ಬೀಜ ತರುವವರು ಯಾರಮ್ಮ?"

"ಇನ್ಯಾರು? ನಿಮ್ಮ ಇಪ್ಪತ್ತೊಂದು ಬಿರುದಿನಲ್ಲಿ ಒಂದಾದರೂ ಎದ್ದು ಹೋಗೋ ಹಾಗೆ ಕಾಣಲಿಲ್ಲ. ನಾನೇ ಹೋಗ್ತೀನಿ."

ಹೊತ್ತು ಕಡಿಮೆ ಇತ್ತು. ಸೋರೆಬುರುಡೆಯಲ್ಲಿ ಮೂರು ಮಳೆಗಾಲ ಕಳೆದ ದನಿ ಒಣಗಿ ಪುಡಿಯಾಗುತ್ತದೆ. ಆಮೇಲೆ ಮಾತುಗುಳಿ ಅದನ್ನು ನಶ್ಯದ ಹಾಗೆ ಮೂಗಿಗೇರಿಸುತ್ತಾನೆ. ಮೂಗಿಗೇರಿದ ದನಿ ಮತ್ತೆ ಬರುವುದಿಲ್ಲ. ಮೊದಲ ಮಳೆಗಾಲ ಆಗಲೇ ಬಾಗಿಲಲ್ಲಿತ್ತು.

ಮೂಡಣ ಕಾಡಿಗೆ ಹೋಗಲು ಬಾಯಾರಿದ ಬಯಲನ್ನು ದಾಟಬೇಕು. ಆ ಬಯಲು ತೇವ ಕಂಡಲ್ಲೆಲ್ಲ ಹೀರುತ್ತದೆ. ಅದು ಸಾತಿಯ ತೊಗಲಿನ ಚೀಲದ ನೀರನ್ನು ಹೀರಿತು, ಒದ್ದೆ ಸೆರಗನ್ನು ಹೀರಿತು, ಹಣೆಯ ಬೆವರನ್ನೂ ಬಿಡಲಿಲ್ಲ. ಅವಳು ಬಯಲನ್ನು ಬೈಯಲು ಬಾಯಿ ತೆರೆದಳು. ನಾಲಿಗೆ ಒಣಗಿತು. ಮುಚ್ಚಿದಳು. ಒದ್ದೆಯಾಯಿತು. ಮತ್ತೆ ತೆರೆದಳು, ಒಣಗಿತು. ಮುಚ್ಚಿದಳು, ಒದ್ದೆಯಾಯಿತು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು, ಹೊಳೆದದ್ದು ಅವಳಿಗೆ ಒಂಚೂರೂ ಹಿಡಿಸಲಿಲ್ಲ.

ಕಾಡಿನಲ್ಲಿ ಕವಳೆ ಪೊದೆಯ ಮೇಲೆ ಜುಟ್ಟಿನ ಪಿಕಳಾರ ಹಕ್ಕಿಯೊಂದು ಹಣ್ಣು ತಿನ್ನುತ್ತ ಕೂತಿತ್ತು. ಅದು ಮನುಷ್ಯರ ಭಾಷೆ ಬಲ್ಲ ಹಕ್ಕಿ.

"ಬೀಜಕ್ಕೆ ಬಂದೆಯಾ?" ಎಂದಿತು. "ನಾವಾದರೆ ಹೊಟ್ಟೆಯಲ್ಲಿ ಹೊತ್ತುಕೊಂಡು ಹೋಗಿ ಬೇಕಾದಲ್ಲಿ ಹಾಕ್ತೀವಿ."

"ನನ್ನ ಕೈಲಿ ಅದು ಆಗೋ ಕೆಲಸ ಅಲ್ಲ."

"ಹಾಗಾದರೆ ಬಾಯಲ್ಲಿ ಇಟ್ಟುಕೋ. ಮೂರು ದಿನದ ದಾರಿ. ನುಂಗಬೇಡ, ಕಡಿಯಬೇಡ, ಬಾಯಿ ತೆರೆಯಬೇಡ."

"ಮೂರು ದಿನ!" ಎಂದು ಸಾತಿ ಅಲ್ಲೇ ಕುಸಿದು ಕೂತಳು. "ಬಾಯಿ ತೆರೆಯದೆ ಮೂರು ದಿನ! ಬೇರೆ ಏನಾದರೂ ಹೇಳು ತಾಯಿ. ಮುಳ್ಳಿನ ಮೇಲೆ ನಡಿ ಅನ್ನು, ಬೆಂಕಿಗೆ ಬೀಳು ಅನ್ನು."

"ಅದನ್ನೆಲ್ಲ ಹೇಳಿದರೆ ಬೀಜ ಹುಟ್ಟುತ್ತಾ?" ಎಂದಿತು ಹಕ್ಕಿ.

ಸಾತಿ ಎದ್ದಳು. ಚೆನ್ನಾಗಿ ಕಳಿತ ಹನ್ನೆರಡು ಹಣ್ಣು ಆರಿಸಿ ಹಿಂಡಿ, ರಸದ ಸಮೇತ ನಲವತ್ತೊಂದು ಬೀಜ ಬಾಯಿಗೆ ಹಾಕಿಕೊಂಡಳು. ಎಡಗೆನ್ನೆಗೆ ಇಪ್ಪತ್ತು, ಬಲಗೆನ್ನೆಗೆ ಇಪ್ಪತ್ತೊಂದು. ಮಲಗಿದಾಗ ಬಾಯಿ ತೆರೆದುಕೊಳ್ಳದಿರಲೆಂದು ಗದ್ದಕ್ಕೂ ತಲೆಗೂ ಸೇರಿಸಿ ಸೆರಗು ಬಿಗಿದು ಕಟ್ಟಿಕೊಂಡಳು. ಹೊರಟಳು.

ರಾಜ್ಯದೊಳಗೆ ಬರುವ ದಾರಿಯಲ್ಲಿ ಮಾತುಗುಳಿಯ ಕಾವಲಿತ್ತು. ಹೊರಗೆ ಹೋಗುವವರನ್ನು ಯಾರೂ ತಡೆಯುತ್ತಿರಲಿಲ್ಲ. ಬರುವವರ ಬಾಯಲ್ಲಿ ಹೊಸ ಸುದ್ದಿ ಇರುತ್ತದೆ, ಕೇಳಿದರೆ ಹೇಳುತ್ತಾರೆ, ಅದಕ್ಕೇ ಆ ಕಾವಲು. ಮೊದಲ ದಿನ ಎದುರಾದದ್ದು ಕರಡಿ. ಅದರ ಕೊರಳಲ್ಲಿ ಸೋರೆಬುರುಡೆ ನೇತಾಡುತ್ತಿತ್ತು.

"ಅಯ್ಯೋ, ಸಾತವ್ವನವರಲ್ಲವೇ?" ಎಂದು ಕರಡಿ ಎರಡೂ ಕೈ ಮುಗಿಯಿತು. "ನಿಮ್ಮ ಮಾತು ಅಂದರೆ ಜೇನು ಅಂತ ಕೇಳಿದ್ದೆ. ಜೇನಿನ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ. ಒಂದೇ ಒಂದು ಮಾತು ಆಡಿ ತಾಯಿ, ಜನ್ಮ ಪಾವನ ಮಾಡ್ಕೋತೀನಿ."

ಹುಟ್ಟಿದಾಗಿನಿಂದ ಯಾರೂ ಸಾತಿಯ ಮಾತನ್ನು ಹೊಗಳಿರಲಿಲ್ಲ. ನಿಲ್ಲಿಸು ಎಂದವರೇ ಎಲ್ಲ. ಅವಳ ಎದೆ ಉಬ್ಬಿತು, ಉತ್ತರ ತುಟಿಯವರೆಗೆ ಬಂತು. ಅವಳು ನಾಲಿಗೆಯಿಂದ ಎಡಗೆನ್ನೆಯ ಬೀಜಗಳನ್ನು ಒಂದು, ಎರಡು, ಮೂರು ಎಂದು ಮುಟ್ಟಿ ನೋಡುತ್ತ ಮುಂದೆ ನಡೆದಳು. ಕರಡಿ ಬಹಳ ದೂರ ಹೊಗಳುತ್ತ ಹಿಂದೆಯೇ ಬಂತು.

ಎರಡನೆಯ ದಿನ ಎದುರಾದದ್ದು ಎರಡು ತಲೆಯ ಹಾವು. ಅದರ ಕೊರಳಲ್ಲೂ ಬುರುಡೆ. ಆ ಹಾವು ಅವಳನ್ನು ಕರೆಯಲೇ ಇಲ್ಲ. ಎರಡೂ ತಲೆಗಳು ತಮ್ಮ ಪಾಡಿಗೆ ಹರಟುತ್ತಿದ್ದವು.

"ಕವಳೆಕಾಯಿ ಉಪ್ಪಿನಕಾಯಿ ಮಾಡೋದು ಗೊತ್ತಾ ನಿಂಗೆ? ಮೊದಲು ಕಾಯನ್ನ ಚೆನ್ನಾಗಿ ಬೇಯಿಸಿ ಮುದ್ದೆ ಮಾಡಬೇಕು."

"ಹೌದೌದು. ಆಮೇಲೆ ಉಪ್ಪು ಹಾಕಬಾರದು. ಹಾಲು ಹಾಕಬೇಕು."

"ಸಾಸಿವೆ?"

"ಛೇ, ಸಾಸಿವೆ ಯಾಕೆ? ಬಾಳೆಹಣ್ಣು ಹಾಕಬೇಕು."

ಸಾತಿ ನಿಂತುಬಿಟ್ಟಳು. ಹೊಗಳಿಕೆಯನ್ನು ದಾಟಿ ಬರಬಹುದು, ತಪ್ಪು ಅಡುಗೆಯನ್ನು ಕೇಳಿಸಿಕೊಂಡು ಸುಮ್ಮನೆ ಹೋಗುವುದು ಹೇಗೆ? ಬಾಳೆಹಣ್ಣು! ಅವಳು ಕೈಯಿಂದ ಬಾಯಿ ಒತ್ತಿ ಹಿಡಿದಳು, ಕಣ್ಣಲ್ಲಿ ನೀರು ಬಂತು. ಕೊನೆಗೆ ಒಂದು ಕಡ್ಡಿ ತೆಗೆದುಕೊಂಡು ಧೂಳಿನಲ್ಲಿ ಮೊದಲು ಒಂದು ಉಪ್ಪಿನ ಗುಡ್ಡೆ, ಪಕ್ಕದಲ್ಲಿ ಒಂದು ಹಿಡಿ ಸಾಸಿವೆ ಕಾಳಿನ ಚಿತ್ರ ಬರೆದು, ಹಾವಿನ ಮುಂದೆ ಕಡ್ಡಿ ಎಸೆದು ನಡೆದಳು. ಅಷ್ಟಾದ ಮೇಲೆ ಮನಸ್ಸು ಹಗುರಾಯಿತು.

ಮೂರನೆಯ ದಿನ ಬಯಲು. ಅದು ಅವಳ ಕೂದಲಿನ ಎಣ್ಣೆಯನ್ನೂ ಹೀರಿತು, ತುಟಿಯನ್ನು ಬಿರುಕು ಬಿಡಿಸಿತು. ಮುಚ್ಚಿದ ಬಾಯೊಳಗಿನದು ಮಾತ್ರ ಅದಕ್ಕೆ ಸಿಗಲಿಲ್ಲ. ಊರು ಮುಟ್ಟುತ್ತಲೇ ಸಾತಿ ದುಂಡವ್ವನ ಮನೆಗೆ ಹೋಗಿ, ಅವಳ ಅಂಗೈ ಹಿಡಿದು, ಬೀಜಗಳನ್ನೆಲ್ಲ ಅದರಲ್ಲಿ ಉಗುಳಿದಳು. ದುಂಡವ್ವ ಮುಖ ಸಿಂಡರಿಸಿದಳು. ದನಿ ಇದ್ದಿದ್ದರೆ ಏನನ್ನುತ್ತಿದ್ದಳು ಎಂಬುದು ಸಾತಿಗೆ ಪೂರ್ತಿ ಗೊತ್ತಿತ್ತು.

"ಬೈಕೋ ಮಾರಾಯ್ತಿ, ಮನಸ್ಸಲ್ಲೇ ಬೈಕೋ," ಎಂದಳು. "ಮೊದಲು ಮರಳು ತಾ. ಬೀಜ ಆರಬಾರದು."

ಒಂದು ಪಾಲು ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಗೊಬ್ಬರ. ಮುತ್ತುಗದ ಎಲೆಯ ದೊನ್ನೆಗಳಲ್ಲಿ ತುಂಬಿ, ಬೆರಳ ಗೆಣ್ಣಿನಷ್ಟು ಆಳಕ್ಕೆ ಒಂದೊಂದೇ ಬೀಜ ಊರಿದರು. ನೆರಳಿನಲ್ಲಿಟ್ಟು ದಿನಾ ಕೈಯಲ್ಲೇ ನೀರು ಚಿಮುಕಿಸಿದರು. ಹದಿನೇಳನೆಯ ದಿನ ಮೊದಲ ಮೊಳಕೆ ಮಣ್ಣು ಸೀಳಿತು. ನಲವತ್ತೊಂದರಲ್ಲಿ ಮೂವತ್ತೆಂಟು ಹುಟ್ಟಿದವು.

ಅರಸ ಸುದ್ದಿ ಕೇಳಿ ಓಡಿಬಂದ. ದೊನ್ನೆಗಳನ್ನು ನೋಡಿ ಅವನ ಮುಖ ಬಾಡಿತು. "ಮೂವತ್ತೆಂಟು ಗಿಡದಲ್ಲಿ ರಾಜ್ಯಕ್ಕೆಲ್ಲ ಬೇಲಿ ಹಾಕುವುದಕ್ಕೆ ನೂರು ವರ್ಷ ಬೇಕಲ್ಲಮ್ಮ."

"ರಾಜ್ಯಕ್ಕೆ ಯಾಕೆ ಪ್ರಭು?" ಎಂದಳು ಸಾತಿ. "ಕಳ್ಳ ಒಬ್ಬ, ಗುಡ್ಡ ಒಂದು. ಬೇಲಿ ಅವನಿಗೇ ಹಾಕಿದರಾಯಿತು."

ಗುಡ್ಡದ ಬುಡದಲ್ಲಿ ಕೆಲಸ ಮಾಡುವವರು ಯಾರು? ಬಾಯಿ ಇದ್ದವರು ಅಲ್ಲಿ ಹೋದರೆ ದನಿ ಕಳೆದುಕೊಳ್ಳುತ್ತಾರೆ. ಸಾತಿ ದುಂಡವ್ವನ ಮುಖ ನೋಡಿದಳು. ದುಂಡವ್ವ ಎದೆ ತಟ್ಟಿಕೊಂಡು ಗುದ್ದಲಿ ಎತ್ತಿಕೊಂಡಳು. ಕಳೆದುಕೊಳ್ಳಲು ಏನೂ ಉಳಿಯದವರಿಂದ ಮಾತುಗುಳಿ ಏನು ಕಸಿದಾನು? ರಾಜ್ಯದ ಮುನ್ನೂರು ಮಂದಿ ದನಿಯಿಲ್ಲದವರು ಅವಳ ಹಿಂದೆ ಬಂದರು. ಸಾತಿಯೂ ಹೋಗುತ್ತಿದ್ದಳು. ಗುಡ್ಡದ ಹತ್ತಿರ ಹೋಗುವ ಮುಂಚೆ ಒಂದು ಬೆಣಚುಕಲ್ಲನ್ನು ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದಳು, ತನ್ನನ್ನು ತಾನು ನಂಬಲಾಗದೆ.

ಮಾತುಗುಳಿ ಮೇಲಿನಿಂದ ನೋಡಿದ. "ಖಾಲಿ ಬುರುಡೆಗಳು ಏನೋ ನೆಡುತ್ತಿವೆ," ಎಂದು ಆಕಳಿಸಿ ತಿರುಗಿ ಮಲಗಿದ. ಮಾತಾಡದವರು ಅವನ ಲೆಕ್ಕದಲ್ಲಿ ಜನರೇ ಅಲ್ಲ.

ಎರಡನೆಯ ಮಳೆಗಾಲದಲ್ಲಿ ಮೂವತ್ತೆಂಟು ಸಸಿಗಳೂ ಗುಡ್ಡದ ಬುಡಕ್ಕೆ ಇಳಿದವು. ಹಟ ಹಿಡಿದವರು ನೆಟ್ಟದ್ದಕ್ಕೋ ಏನೋ ಗಿಡಗಳೂ ಹಟ ಹಿಡಿದು ಬೆಳೆದವು. ಮಳೆ ನಿಲ್ಲುವ ಮೊದಲೇ ಸೊಂಟದೆತ್ತರ ಬಂದವು. ಆದರೆ ಗಿಡಕ್ಕೂ ಗಿಡಕ್ಕೂ ನಡುವೆ ಒಂದು ಗಾಡಿ ಹೋಗುವಷ್ಟು ಜಾಗವಿತ್ತು. ಕಡ್ಡಿ ಕಡಿದು ನೆಟ್ಟರೆ ಹಾಲು ಸುರಿದು ಕೊಳೆಯುತ್ತಿತ್ತು. ಆಗ ಸಾತಿ ಇನ್ನೊಂದು ದಾರಿ ಹಿಡಿದಳು. ಕೆಳಗಿನ ಕೊಂಬೆಯನ್ನು ತಾಯಿಗಿಡದಿಂದ ಕಡಿಯದೆ ಹಾಗೇ ನೆಲಕ್ಕೆ ಬಗ್ಗಿಸಿದಳು. ನೆಲ ತಾಗುವಲ್ಲಿ ತೊಗಟೆ ಕೆರೆದು, ಹಾಲು ಒಣಗುವವರೆಗೆ ಕಾದು, ಮಣ್ಣು ಹೊದಿಸಿ, ಮೇಲೊಂದು ಕಲ್ಲು ಹೇರಿದಳು. ತುದಿಯನ್ನು ಆಕಾಶಕ್ಕೆ ಬಿಟ್ಟಳು. ತಾಯಿ ಹಾಲೂಡುತ್ತಿತ್ತು, ಮಣ್ಣಿನೊಳಗೆ ಮಗು ಬೇರು ಬಿಡುತ್ತಿತ್ತು. ಮುನ್ನೂರು ಮಂದಿ ಅದನ್ನು ನೋಡಿ ಕಲಿತರು. ಮುಳ್ಳು ಚುಚ್ಚಿದಾಗ ಕೂಗಲೂ ಆಗದೆ ಹಲ್ಲು ಕಚ್ಚಿ ಬಗ್ಗಿಸಿದರು. ಮೂವತ್ತೆಂಟು ನೂರಾಯಿತು, ನೂರು ಮುನ್ನೂರಾಯಿತು. ಗುಡ್ಡದ ಸುತ್ತ ಹಸಿರು ಉಂಗುರ ಕೂಡುತ್ತ ಬಂತು.

ಮೂರನೆಯ ಮಳೆಗಾಲದ ಹೊತ್ತಿಗೆ ಬೇಲಿ ಆಳೆತ್ತರವಾಗಿ ಹೂಬಿಟ್ಟಿತ್ತು. ಒಂದೇ ಒಂದು ಕಡೆ ಎರಡು ಮಾರಿನಷ್ಟು ಜಾಗ ಬೋಳು. ಮಾತುಗುಳಿ ಒಲೆಯ ಬೂದಿ ಸುರಿಯುತ್ತಿದ್ದ ಜಾಗ ಅದು. ಅಲ್ಲಿ ನೆಟ್ಟಿದ್ದೆಲ್ಲ ಸತ್ತಿತ್ತು. ಸಾತಿ ಬೂದಿ ಬಳಿಸಿ ಹೊಸ ಮಣ್ಣು ಹಾಕಿಸಿ, ಆ ಪಕ್ಕದಿಂದ ಒಂದು, ಈ ಪಕ್ಕದಿಂದ ಒಂದು ಉದ್ದ ಕೊಂಬೆಗಳನ್ನು ಬಗ್ಗಿಸಿ ಊರಿದಳು. ಬೇರು ಬಿಡಲು ಎರಡು ತಿಂಗಳು. ಮಳೆಗಾಲ ಮುಗಿಯಲೂ ಎರಡೇ ತಿಂಗಳು.

ಕೊನೆಯ ದಿನ ಮೋಡ ತೆಳ್ಳಗಾಗಿತ್ತು. ಬೋಳುಗುಡ್ಡದ ಮೇಲೆ ಮಾತುಗುಳಿ ನಶ್ಯದ ಡಬ್ಬಿ ಒರೆಸಿ ಇಟ್ಟುಕೊಂಡಿದ್ದ. ಕೆಳಗೆ ಬೇಲಿಯ ಹೊರಗೆ ಸಾತಿ ಮತ್ತು ದುಂಡವ್ವ ಬೇರು ಬಿಟ್ಟ ಎರಡೂ ಕೊಂಬೆಗಳ ತುದಿ ಹಿಡಿದು ನಿಂತಿದ್ದರು. ಅವನ್ನು ಹೆಣೆದರೆ ಉಂಗುರ ಕೂಡುತ್ತದೆ. ಆಗಲೇ ಅವನ ಕಣ್ಣು ಕೆಳಗೆ ಬಿತ್ತು. ಸುತ್ತಲೂ ಹಸಿರು. ಎಲೆ ಉದುರದ ಹಸಿರು. ಅವನು ಬುರುಡೆಗಳಲ್ಲಿ ಒಂದನ್ನು ಕಿತ್ತುಕೊಂಡು ದಡದಡ ಇಳಿದು ಬಂದು, ಅದರ ಬಿರಡೆ ಸಡಿಲಿಸಿ, ಕದ್ದ ದನಿಯಲ್ಲಿ ಕೂಗಿದ.

"ಅತ್ತಿಗೇ!"

ದುಂಡವ್ವನ ದನಿ. ಮೂರು ಮಳೆಗಾಲದಿಂದ ಸಾತಿ ಕೇಳಿರದ ದನಿ. ಪಕ್ಕದಲ್ಲಿದ್ದ ದುಂಡವ್ವ ತನ್ನ ದನಿಯನ್ನು ತಾನೇ ಕೇಳಿ ಕಲ್ಲಿನಂತೆ ನಿಂತಳು.

"ಅತ್ತಿಗೆ, ಕೊಡ ಒಡೆದದ್ದು ನೀನೇ ತಾನೇ? ಮೊಳಕೈ ತಾಗಿದ್ದು ನಿಂದೇ ತಾನೇ? ಬಾಯಿಲ್ವಾ ನಿಂಗೆ? ಹೇಳು!"

ಸಾತಿಯ ಬಾಯಲ್ಲಿದ್ದ ಬೆಣಚುಕಲ್ಲು ತಾನಾಗಿ ಜಾರಿ ಕೆಳಗೆ ಬಿತ್ತು. ಬೆಕ್ಕು ಎಂಬ ಮಾತು ಗಂಟಲಿಗೆ ಬಂತು, ನಾಲಿಗೆಗೆ ಬಂತು, ಹಲ್ಲಿನ ಹಿಂದೆ ಬಂದು ನಿಂತಿತು. ಏಳು ವರ್ಷ ಆ ದನಿಗೆ ಉತ್ತರ ಕೊಟ್ಟವಳು ಅವಳು. ಉತ್ತರ ಕೊಡದೆ ಇರುವುದು ಹೇಗೆಂದು ಅವಳ ಮೈಗೆ ಗೊತ್ತೇ ಇರಲಿಲ್ಲ. ಆದರೆ ಆ ಪ್ರಶ್ನೆಯ ಒಡತಿ ಪಕ್ಕದಲ್ಲೇ ಇದ್ದಾಳೆ. ಮುಳ್ಳು ಗೀರಿದ ಕೈ, ಮಣ್ಣು ಮೆತ್ತಿದ ಕೆನ್ನೆ.

ಸಾತಿ ಮಾಂತ್ರಿಕನಿಗೆ ಬೆನ್ನು ಹಾಕಿ ದುಂಡವ್ವನ ಕಡೆ ತಿರುಗಿದಳು. ತುಟಿ ಬಿಗಿಹಿಡಿದು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ತಲೆ ಆಡಿಸಿದಳು. ಹೌದು.

ದುಂಡವ್ವನ ಹುಬ್ಬು ಮೇಲೇರಿತು. ಆಮೇಲೆ ಇಬ್ಬರೂ ಒಟ್ಟಿಗೆ ಬಗ್ಗಿ ಕೊಂಬೆಗಳನ್ನು ಹೆಣೆದರು. ಉಂಗುರ ಕೂಡಿತು.

"ಏಯ್!" ಎಂದು ಮಾತುಗುಳಿ ಈಗ ತನ್ನದೇ ದನಿಯಲ್ಲಿ ಅಬ್ಬರಿಸಿದ. "ಯಾರಲ್ಲಿ?"

ಕೂಗು ಬೇಲಿಗೆ ಬಡಿಯಿತು. ಎಲೆಗಳು ಅದನ್ನು ದಾಟಲು ಬಿಡಲಿಲ್ಲ. ಅದು ಗುಂಡಗೆ ಸುತ್ತಿ ಅವನ ಕಡೆಗೇ ವಾಪಸ್ಸು ಬಂತು. "ಏಯ್! ಯಾರಲ್ಲಿ?"

ಅವನನ್ನು ಅದುವರೆಗೂ ಯಾರೂ ಕರೆದಿರಲಿಲ್ಲ. ಕರೆದರೆ ಸುಮ್ಮನಿರಬೇಕೆಂದು ಅವನಿಗೆ ಹೇಳಿಕೊಟ್ಟವರೂ ಇರಲಿಲ್ಲ.

"ನಾನು!" ಎಂದ ಮಾತುಗುಳಿ.

ಅಷ್ಟೇ. ಅವನ ದನಿ ಕಳಚಿ ಬುರುಡೆಗೆ ಬಿತ್ತು. ಆ ಬುರುಡೆ ಒಡೆಯಿತು, ಗುಡ್ಡದ ಮೇಲಿನವೂ ಒಂದಾದ ಮೇಲೊಂದು ಒಡೆದವು, ದನಿಗಳೆಲ್ಲ ಜೇನುಹುಳುಗಳಂತೆ ಎದ್ದು ತಮ್ಮ ತಮ್ಮ ಗಂಟಲು ಹುಡುಕಿಕೊಂಡು ಹಾರಿದವು. ದನಿಯಿಲ್ಲದ ಮಾಂತ್ರಿಕ ಕುಗ್ಗಿ ಕುಗ್ಗಿ ಒಂದು ಒಣ ಸೋರೆಕಾಯಾಗಿ ಉರುಳಿದ. ಅಲ್ಲಾಡಿಸಿದರೆ ಒಳಗೆ ಎರಡು ಬೀಜ ಗಲಗಲ ಎನ್ನುತ್ತಿದ್ದವು, ಅಷ್ಟೆ.

ಮುನ್ನೂರು ಮಂದಿ ಒಟ್ಟಿಗೆ ಮಾತಾಡತೊಡಗಿದರು. ಮುಳ್ಳು ಚುಚ್ಚಿದ್ದಕ್ಕೆ ಒಂದು ವರ್ಷ ತಡವಾಗಿ "ಅಮ್ಮಾ!" ಎಂದವರೇ ಹೆಚ್ಚು. ದುಂಡವ್ವ ಗಂಟಲು ಸರಿಮಾಡಿಕೊಂಡಳು. ಸಾತಿ ಉಸಿರು ಹಿಡಿದು ಕಾದಳು.

"ಬಳೆ ಸದ್ದು ಅಂತ ಅವತ್ತೇ ಹೇಳಲಿಲ್ವಾ ನಾನು?" ಎಂದಳು ದುಂಡವ್ವ. "ಪಾಪದ ಬೆಕ್ಕು! ಅದಕ್ಕೆ ಒಂದು ಬಟ್ಟಲು ಹಾಲಾದರೂ ಕೊಡು ಹೋಗು."

ಸಾತಿ ಬಾಯಿ ತೆರೆದಳು. ಹೇಳಲು ನೂರು ಮಾತಿತ್ತು. ಮತ್ತೆ ಮುಚ್ಚಿ ನಕ್ಕಳು. ಕೊನೆಯ ಮಾತು ದುಂಡವ್ವನದೇ ಆಯಿತು.

ಆಮೇಲೆ ಬಿರುದಂಕರಾಯ ಬೆಳ್ಳನೆಯ ಗೋಡೆ ಒಡೆಸಿ, ಗುಡ್ಡದ ಬೇಲಿಯಿಂದ ಕೊಂಬೆ ಬಗ್ಗಿಸಿ ಬಗ್ಗಿಸಿ ರಾಜ್ಯದ ಸುತ್ತ ಮತ್ತೆ ಕವಳೆ ಹಬ್ಬಿಸಿದ. ಮೊದಲ ಕೊಂಬೆಯನ್ನು ತನ್ನ ಕೈಯಾರೆ ಬಗ್ಗಿಸಿ, ಮುಳ್ಳು ಚುಚ್ಚಿಸಿಕೊಂಡು, ಇಪ್ಪತ್ತೊಂದು ಬಿರುದಿಗೂ ಬಾರದ ಬುದ್ಧಿ ಕಲಿತ. ಭಂಡಾರಿ ತಿರುಮಲಯ್ಯ ಪ್ರತಿ ಮುಂಗಾರಿಗೂ ಎರಡೂ ಕೆನ್ನೆ ಉಬ್ಬಿಸಿಕೊಂಡು ಊರೂರಿಗೆ ಬೀಜ ಹೊರುವ ಕೆಲಸಕ್ಕೆ ನಿಂತ. ಸಾತಿ ಮತ್ತು ದುಂಡವ್ವ ಆ ವರ್ಷದ ಕವಳೆಕಾಯಿಗೆ ಉಪ್ಪು, ಸಾಸಿವೆ ಹಾಕಿ, ಯಾವುದು ಹೆಚ್ಚಾಯಿತೆಂದು ಬೇಲಿಯ ನೆರಳಿನಲ್ಲಿ ಕೂತು ಜಗಳವಾಡುತ್ತ ಸುಖವಾಗಿದ್ದರು. ಆ ಕಡೆ ಹೋದರೆ ಈಗಲೂ ಕೇಳಿಸುತ್ತದೆ.